ಆಂಬುಲೆನ್ಸಿನ ವೈಫೈ ಡಬ್ಬಿ

ಸೋಮವಾರ ಬೆಳಿಗ್ಗೆ 9.40ಕ್ಕೆ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ ಠಾಣೆಗೆ ಬಂದು ದೂರು ಕೊಟ್ಟ. ವಾಹನದ ವೈಫೈ ಡಬ್ಬಿ, ನೆತ್ತಿಯ ಮೇಲಿನ ಆಂಟೆನಾ ಎರಡೂ ಕಳುವಾಗಿದ್ದವು.

"ಒಂದು ಡಬ್ಬಿಗೆ ಇಷ್ಟು ಗಾಬರಿಯೇನಯ್ಯಾ?" ಎಂದರು ಮುಖ್ಯಪೇದೆ.

"ದಾರೀಲಿ ರೋಗಿಯ ಇಸಿಜಿ ಡಾಕ್ಟರಿಗೆ ಹೋಗೋದೇ ಅದರಿಂದ ಸಾರ್. ನಿನ್ನೆ ಒಬ್ಬ ಅಜ್ಜಿಗೆ ಎದೆನೋವು. ಇಸಿಜಿ ಹೋಗಲೇ ಇಲ್ಲ. ಚಿಕಿತ್ಸೆ ಅರ್ಧ ಗಂಟೆ ತಡ ಆಯ್ತು. ಅವರಿನ್ನೂ ಕಣ್ಣು ಬಿಟ್ಟಿಲ್ಲ."

"ಗಾಡಿ ಎಲ್ಲಿ ನಿಂತಿತ್ತು?"

"ಶನಿವಾರ ಪೂರ್ತಿ ಗ್ಯಾರೇಜಲ್ಲಿ. ನೋಡ್ಕೊಳ್ಳದೆ ತಂದಿದ್ದು ನನ್ನ ತಪ್ಪೇ."

ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಇನ್ಸ್‌ಪೆಕ್ಟರ್ ಗ್ಯಾರೇಜಿನಲ್ಲಿ ಪಂಚನಾಮೆ ನಡೆಸಿದರು. ವೈರು ಕತ್ತರಿಸಿರಲಿಲ್ಲ, ಸ್ಕ್ರೂ ಬಿಚ್ಚಿ, ನಾಜೂಕಾಗಿ ತೆಗೆದಿದ್ದರು.

"ಡಬ್ಬಿಯ ಸಿಮ್ ಬಂದ್ ಮಾಡಿಸ್ಲಾ ಸಾರ್?" ಎಂದರು ಜೊತೆಗಿದ್ದ ಮುಖ್ಯಪೇದೆ.

"ಬೇಡ. ಕದ್ದವನು ದಿನಾ ತಾನಾಗೇ ಹಾಜರಿ ಹಾಕ್ತಾನೆ."

ಹಾಗೇ ಆಯಿತು. ಡಬ್ಬಿ ತಾನಿರುವ ಜಾಗವನ್ನು ಸಿಮ್ ಕಂಪನಿಗೆ, ಕಂಪನಿ ಠಾಣೆಗೆ ತಿಳಿಸುತ್ತಲೇ ಇತ್ತು. ಹಗಲೆಲ್ಲ ಹೆದ್ದಾರಿಯಲ್ಲಿ ಓಡಾಟ; ಮಧ್ಯಾಹ್ನ ಒಂದರಿಂದ ಒಂದೂವರೆ ಕಲ್ಲುಕ್ವಾರಿಯ ಬಳಿ ನಿಲುಗಡೆ. ಗ್ಯಾರೇಜಿನ ರಿಜಿಸ್ಟರಿನಲ್ಲಿ ಶನಿವಾರ ಒಂದು ಕಲ್ಲಿನ ಲಾರಿಯ ನಂಬರೂ ಇತ್ತು.

ಗುರುವಾರ 1.10. ಇನ್ಸ್‌ಪೆಕ್ಟರ್ ಹೋದಾಗ ಕ್ವಾರಿಯ ಬಳಿ ಅದೇ ಲಾರಿ ನಿಂತಿತ್ತು. ಸ್ಟಿಯರಿಂಗಿಗೆ ಆನಿಸಿದ್ದ ಫೋನಿನಲ್ಲಿ ಒಬ್ಬ ಹೆಂಗಸಿನ ಮುಖ. ಚಾಲಕ ತುಟಿ ಬಿಚ್ಚದೆ ಎರಡೂ ಕೈ ಆಡಿಸುತ್ತಿದ್ದ.

ಸೀಟಿನಡಿ ಡಬ್ಬಿ, ಲಾರಿಯ ನೆತ್ತಿಯ ಮೇಲೆ ಆಂಟೆನಾ ಸಿಕ್ಕಿದವು.

"ಯಾಕೆ ಕದ್ದೆ?"

"ಇಲ್ಲಿ ಫೋನಿಗೆ ನೆಟ್ ಸಿಗಲ್ಲ ಸಾರ್, ಆ ಆಂಟೆನಾಕ್ಕೆ ಸಿಗುತ್ತೆ. ನನ್ನ ಹೆಂಡ್ತಿಗೆ ಕಿವಿ ಕೇಳಲ್ಲ, ಮಾತು ಬರಲ್ಲ, ಓದೂ ಇಲ್ಲ. ಮುಖ ಕಂಡ್ರೇನೇ ನಮಗೆ ಮಾತು. ತುಂಬಿದ ಬಸುರಿ, ಒಬ್ಬಳೇ ಇದ್ದಾಳೆ. ನಾನು ಮನೆಗೆ ಹೋಗೋದು ಹದಿನೈದು ದಿನಕ್ಕೊಂದ್ಸಲ."

ಇನ್ಸ್‌ಪೆಕ್ಟರ್ ಅಜ್ಜಿಯ ವಿಷಯ ಹೇಳಿದರು. ಅವನು ಫೋನು ಬಿಟ್ಟು ಅವರ ಕಡೆ ತಿರುಗಿದ.

"ಬದುಕಿದ್ದಾರಾ?"

"ಬೆಳಿಗ್ಗೆ ಕಣ್ಣು ಬಿಟ್ರಂತೆ."

ಪರದೆಯೊಳಗಿನ ಹೆಂಗಸು ಏನಾಯಿತೆಂದು ಕೈಸನ್ನೆಯಲ್ಲೇ ಕೇಳುತ್ತಿದ್ದಳು.

"ಎಲ್ಲಾ ಹೇಳಿಬಿಡು. ಐದು ನಿಮಿಷ," ಎಂದರು ಇನ್ಸ್‌ಪೆಕ್ಟರ್.

ಅವನ ಕೈಗಳು ತಡೆತಡೆದು ಆಡಿದವು.  ಅವಳು ಚುಟುಕಾಗಿ ಏನೋ ಸನ್ನೆ ಮಾಡಿದಳು.

"ಏನಂತಾರೆ?"

"ಮೊದಲು ಆ ಅಜ್ಜಿ ಕಾಲಿಗೆ ಬೀಳು ಅಂತಾಳೆ."

1.35ಕ್ಕೆ ಅವನನ್ನು ಬಂಧಿಸಲಾಯಿತು. ಇನ್ಸ್‌ಪೆಕ್ಟರ್ ಡಬ್ಬಿಯ ವೈರು ಕಳಚಿದರು. ಪರದೆಯ ಮೇಲೆ ಅವಳ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತು.