ನಮ್ಮನೇಲಿರ್ತಾರೆ

"ಯಾಕಕ್ಕ ಹೀಗೆ ಬರೆಸಿದೆ? ಯಾಕೆ…?"

ಯೋಗೇಂದ್ರ ಸಮೀಕ್ಷೆಯ ಹಾಳೆಯನ್ನು ಮುಂದಕ್ಕೆ ಚಾಚಿ ಕೇಳಿದ. ಮಧ್ಯಾಹ್ನ ಮೂರು ಗಂಟೆ. ಶ್ರೀರಾಂಪುರದ ಮನೆಯ ಅಡುಗೆಮನೆಯಲ್ಲಿ ಇಂದ್ರಮ್ಮ ನೆಲದ ಮೇಲೆ ಕೂತು, ಆಗಷ್ಟೇ ಮುದ್ದೆ ಮುರಿದು ಮೊದಲ ತುತ್ತನ್ನು ಸಾರಿಗೆ ಅದ್ದಿದ್ದಳು. ತಮ್ಮನ ದನಿ ಕೇಳಿ ತುತ್ತು ಮತ್ತೆ ತಟ್ಟೆಗೆ ಬಿತ್ತು. ಅರವತ್ತೆರಡು ವರ್ಷದ ಹೆಂಗಸು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತಳು.

"ಆ ಉಡುಗಿ ಕೇಳಿದ್ಕೆಲ್ಲ ಏಳ್ದೆ ಯೋಗಿ… ಏನಾಯ್ತಪ್ಪ?"

ಏನಾಯ್ತು! ಆಗಿದ್ದನ್ನು ಅಕ್ಕನಿಗೆ ಹೇಗೆ ಹೇಳುವುದು? ಇಪ್ಪತ್ತೆರಡು ವರ್ಷದಿಂದ ಯೋಗೇಂದ್ರ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ. ಕುಟುಂಬದ ಪಾಠ ಬಂತೆಂದರೆ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು. ಕುಟುಂಬವೇ ಸಮಾಜದ ಮೊದಲ ಪಾಠಶಾಲೆ, ದಿಕ್ಕಿಲ್ಲದವರಿಗೆ ಅದೇ ಆಸರೆ ಎಂದು ಕೆಲವರ ವಾದ. ಅಲ್ಲ, ಅದರೊಳಗೂ ಮೇಲುಕೀಳಿದೆ, ಪ್ರೀತಿಯ ಹೆಸರಿನಲ್ಲಿ ಒಬ್ಬರ ದುಡಿಮೆಯನ್ನು ಇನ್ನೊಬ್ಬರು ತಿನ್ನುತ್ತಾರೆ ಎಂದು ಮತ್ತೆ ಕೆಲವರ ವಾದ. ಎರಡನ್ನೂ ವಿವರಿಸಿ, ಕೊನೆಗೆ ತನಗೆ ಇಷ್ಟವಾದದ್ದನ್ನು ಹೇಳುತ್ತಿದ್ದ: "ನೋಡ್ರಪ್ಪ, ದಿನಾ ನಾವು ಒಬ್ಬರನ್ನೊಬ್ಬರು ಏನಂತ ಕರೀತೀವೋ, ಅದರಿಂದಲೇ ಕುಟುಂಬ ಹುಟ್ಟೋದು." ಹುಡುಗರು ಅದನ್ನು ಅಡಿಗೆರೆ ಹಾಕಿ ಬರೆದುಕೊಳ್ಳುತ್ತಿದ್ದರು.

ಈ ಸಲ ಪಾಠದ ಜೊತೆಗೆ ಮನೆ ಮನೆ ಸಮೀಕ್ಷೆ ಇಟ್ಟಿದ್ದ. ಯಾವ ಬಡಾವಣೆ ಯಾರಿಗೆ ಎಂದು ಹಂಚಿದವನು ಸಹೋದ್ಯೋಗಿ ವಾಗೀಶ. ಮನೆಯವರ ಹೆಸರು ಬರೆಯಬಾರದು, ಬರೀ ಸಂಖ್ಯೆ ಹಾಕಬೇಕು ಎಂಬ ನಿಯಮ ಮಾತ್ರ ಯೋಗೇಂದ್ರನದೇ. ಆವತ್ತು ಬೆಳಿಗ್ಗೆ ಸಿಂಚನ ಎಂಬ ಹೊಸ ಹುಡುಗಿ ತರಗತಿಯ ಮುಂದೆ ನಿಂತು ತನ್ನ ವರದಿ ಓದಿದಳು.

"ಮನೆ ಸಂಖ್ಯೆ ಹದಿನಾಲ್ಕು, ಶ್ರೀರಾಂಪುರ. ಯಜಮಾನರು ಅಧ್ಯಾಪಕರು, ಹೆಂಡತಿ ಬ್ಯಾಂಕಿನಲ್ಲಿ, ಪಿಯುಸಿ ಓದುವ ಮಗಳು. ಕುಟುಂಬದ ಸದಸ್ಯರು ಮೂರು. ಜೊತೆಗೆ ಅಡುಗೆಯವರು ಒಬ್ಬರು, ವಯಸ್ಸಾದ ಹೆಂಗಸು. ಹತ್ತೊಂಬತ್ತು ವರ್ಷದಿಂದ ಅವರ ಜೊತೆಗೇ ಇದ್ದಾರೆ. ಸಂಬಳ: ಇಲ್ಲ. ರಜೆ: ಇಲ್ಲ. ಊಟ: ಎಲ್ಲರದೂ ಆದ ಮೇಲೆ, ಅಡುಗೆಮನೆಯಲ್ಲಿ."

ಹಿಂದಿನ ಬೆಂಚಿನ ಸಿದ್ದೇಶ್ ಎದ್ದು ನಿಂತ. "ಸರ್, ಇದು ಜೀತ ಅಲ್ವಾ? ಪಾಠ ಹೇಳೋರ ಮನೆಯಲ್ಲೇ ಹೀಗಾದ್ರೆ ಹೆಂಗೆ ಸರ್! ಯಾರು ಸರ್ ಆ ಮಹಾನುಭಾವ?"

ತರಗತಿ ನಕ್ಕಿತು. ಯೋಗೇಂದ್ರ 'ನಾನೇ' ಎನ್ನಬಹುದಿತ್ತು, ಅದೊಂದು ಮಾತು ನಾಲಿಗೆಯ ತುದಿಗೆ ಬಂದೂ ಬಂದಿತ್ತು. "ಹೆಸರು ಕೇಳಬಾರದು ಅಂತ ನಿಯಮ ಇದೆಯಲ್ಲಪ್ಪ," ಎಂದು ಹೇಳಿ ಕೂರಿಸಿದ. ತಾನೇ ಮಾಡಿದ ನಿಯಮದ ಹಿಂದೆ ಅವಿತುಕೊಂಡ ಮೇಷ್ಟ್ರು, ತಲೆನೋವೆಂದು ಸುಳ್ಳು ಹೇಳಿ ಮನೆಗೆ ಬಂದುಬಿಟ್ಟಿದ್ದ.

"ನನ್ನ ಮಾನ ಹೋಯ್ತಲ್ಲಕ್ಕ!" ಅವನು ಹಾಳೆಯನ್ನು ಕಟ್ಟೆಯ ಮೇಲೆ ಬಡಿದ. "ನನ್ನ ಅಕ್ಕ ಅಂತ ಹೇಳೋಕೆ ನಿನಗೇನಾಗಿತ್ತು? ಸಂಬಳ ಇಲ್ಲ ಅಂತ ಬೇರೆ ಬರೆಸಿದ್ದೀಯ…!"

"ಸಂಬಳ ಎಷ್ಟು ಅಂತ ಕೇಳ್ತು. ಇಲ್ಲ ಕಣವ್ವ ಅಂದೆ. ಸುಳ್ಳು ಏಳಕಾಯ್ತದಾ?" ಇಂದ್ರಮ್ಮ ತಲೆ ತಗ್ಗಿಸಿದಳು. "ಇವ್ರಿಗೆ ನೀವೇನಾಗ್ಬೇಕು ಅಂತ್ಲೂ ಕೇಳ್ತು. ನಿನ್ ಕಾಲೇಜ್ ಉಡುಗಿ ಅಂತ ಗೊತ್ತಾಯ್ತು. ಅದ್ಕೇ… ನೀನೇಳ್ತೀಯಲ್ಲ, ಅಂಗೇ ಏಳ್ಬುಟ್ಟೆ. ಇವ್ರ ಮನೇಲಿರ್ತೀನಿ, ಅಡ್ಗೆ ನೋಡ್ಕೋತೀನಿ ಅಂದೆ. ನಿನ್ ಮಾನ ಉಳೀಲಿ ಅಂತ್ಲೇ ಕಣಪ್ಪ ಅಂಗಂದಿದ್ದು…!"

ಯೋಗೇಂದ್ರ ಗೋಡೆಗೆ ಒರಗಿದ. ಆ ಮಾತು ಅವನದೇ. ಆರು ವರ್ಷದ ಹಿಂದೆ, ಇದೇ ಮನೆಯ ಗೃಹಪ್ರವೇಶದ ದಿನ, ಇದೇ ಒಲೆಯ ಮುಂದೆ ಆಡಿದ್ದು.

ಅಂದು ಹಾಲು ಉಕ್ಕಿಸಲು ಹಿರಿಯಳೆಂದು ಅಕ್ಕನನ್ನೇ ನಿಲ್ಲಿಸಿದ್ದರು. ಪ್ರಿನ್ಸಿಪಾಲರು, ವಾಗೀಶ, ಕಾಲೇಜಿನವರೆಲ್ಲ ಬಂದಿದ್ದರು. ಹಾಲು ಪಾತ್ರೆಯ ಅಂಚು ದಾಟಿದ್ದೇ ಸಂತೋಷ ತಡೆಯಲಾರದೆ ಇಂದ್ರಮ್ಮ ಮನೆಯೆಲ್ಲ ಕೇಳುವಂತೆ ಕೂಗಿದಳು: "ಯೋಗೀ, ಆಲು ಉಕ್ತು ಬಾರ್ಲಾ!" ವಾಗೀಶ ಕಿಸಕ್ಕನೆ ನಕ್ಕು, "ಆಲೂಗಡ್ಡೆನಾ?" ಎಂದ. ಪ್ರಿನ್ಸಿಪಾಲರು ಮುಗುಳ್ನಕ್ಕು, "ಇವರು ಯಾರು?" ಎಂದು ಕೇಳಿದರು. ಯೋಗೇಂದ್ರನ ಕಿವಿ ಬಿಸಿಯಾಯಿತು. "ನಮ್ಮನೇಲಿರ್ತಾರೆ ಸರ್… ಅಡುಗೆ ಎಲ್ಲ ಅವರೇ ನೋಡ್ಕೊಳ್ತಾರೆ." ಸುಳ್ಳೇನೂ ಅಲ್ಲ! ಹೀಗೆಂದು ಎಷ್ಟು ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದನೋ. ಆಮೇಲೆ ಮನೆಗೆ ಬಂದವರಿಗೆಲ್ಲ ಅದೇ ಮಾತು. ಜನ ಬಂದರೆ ಅಕ್ಕ ನಡುಮನೆಗೆ ಬರುವುದನ್ನೇ ಬಿಟ್ಟಳು. ಕಾರಣ ಅವನೂ ಕೇಳಲಿಲ್ಲ.

ಯಾವ ಅಕ್ಕ! ಗಂಡ ಸತ್ತು ಮಂಡಕಳ್ಳಿಯ ತವರಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು, ತಮ್ಮನಿಗೆ ಎಂಟು. ಆ ವರ್ಷವೇ ಅಪ್ಪ ಅಮ್ಮ ಇಬ್ಬರೂ ಹೋದರು. ಇನ್ನೊಂದು ಮದುವೆಗೆ ಗಂಡು ಬಂದಾಗ, "ಇವನ್ನ ಎಲ್ಲಿ ಬುಡ್ಲಿ?" ಎಂದು ಕೇಳಿ ಬಾಗಿಲು ಹಾಕಿಕೊಂಡವಳು. ಬೆಳಗಿನ ಬಸ್ಸಿಗೆ ಸೊಪ್ಪಿನ ಮಂಕರಿ ಹೊತ್ತು ಮಾರ್ಕೆಟ್ಟಿಗೆ ಹೋಗಿ, ಇವನನ್ನು ಎಂ.ಎ. ಓದಿಸಿದವಳು.

ಬಿಂದು ಬ್ಯಾಂಕಿನಿಂದ ಬಂದಾಗ ಗಂಡ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ. ಹಾಳೆ ಓದಿದ ಬಿಂದುವಿನ ಮುಖ ಬಾಡಿತು. "ಅವತ್ತು ನೀವು ಹಾಗಂದಿದ್ದು ನಂಗೂ ಕೇಳಿಸಿತ್ತು ಕಣ್ರೀ," ಎಂದಳು ಮೆಲ್ಲಗೆ. "ಸುಮ್ಮನಿದ್ದೆ. ಮನೆ ಕೆಲಸ ನಡೀತಿತ್ತಲ್ಲ… ನಂಗೂ ಅದೇ ಅನುಕೂಲ ಆಗಿತ್ತು." ಒಳಗೆ ಇಂದ್ರಮ್ಮ ತಮ್ಮನ ಮಗಳು ಲಹರಿಗೆಂದು ಚಪಾತಿ ಹಿಟ್ಟು ಕಲಸುತ್ತಿದ್ದಳು.

ಮರುದಿನ ಯೋಗೇಂದ್ರ ಪುಸ್ತಕ ತೆರೆಯಲಿಲ್ಲ. ಮೇಜು ಹಿಡಿದುಕೊಂಡು ನಿಂತ.

"ನಿನ್ನೆ ಸಿದ್ದೇಶ್ ಒಂದು ಪ್ರಶ್ನೆ ಕೇಳಿದ. ಹದಿನಾಲ್ಕನೇ ಮನೆ ನಂದು. ಆ ಹೆಂಗಸು ಅಡುಗೆಯವಳಲ್ಲ… ನನ್ನ ಒಡಹುಟ್ಟಿದ ಅಕ್ಕ. ನನ್ನನ್ನ ಸಾಕಿದವಳು. ಅವಳ ಮಾತು ಹಳ್ಳಿ ಮಾತು ಅಂತ ನಾಚಿಕೊಂಡು, ಅಕ್ಕ ಅನ್ನೋದನ್ನ ನಾಲ್ಕು ಜನರ ಮುಂದೆ ಬಿಟ್ಟುಬಿಟ್ಟೆ. ಏನಂತ ಕರೀತೀವೋ ಅದರಿಂದಲೇ ಕುಟುಂಬ ಅಂತ ಪಾಠ ಹೇಳಿದವನು ನಾನು…"

ಅಷ್ಟು ಹೇಳಿ ಪುಸ್ತಕ ಎತ್ತಿಕೊಂಡು ನಡೆದುಬಿಟ್ಟ. ಸಿದ್ದೇಶ್ ತಲೆ ಎತ್ತಲಿಲ್ಲ. ಹೊರಗೆ ವರಾಂಡದಲ್ಲಿ ಸಿಂಚನ ಅಳುತ್ತಾ ಬಂದಳು. "ಸಾರಿ ಸರ್, ನಂಗೆ ಗೊತ್ತಿರಲಿಲ್ಲ…"

"ನೀನು ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲಮ್ಮ. ಸಂಜೆ ಮನೆಗೆ ಬಾ. ಹೊಸ ಹಾಳೆ ತಗೊಂಡು ಬಾ."

ಸಂಜೆ ಐದಕ್ಕೆ ಅವಳು ಬಂದಳು. ಯೋಗೇಂದ್ರ ಅಕ್ಕನನ್ನು ಕೈಹಿಡಿದು ಕರೆತಂದು ನಡುಮನೆಯ ಸೋಫಾದ ಮೇಲೆ ಕೂರಿಸಿದ. ಆರು ವರ್ಷದಲ್ಲಿ ಅತಿಥಿಗಳೆದುರು ಅವಳು ಅಲ್ಲಿ ಕೂತಿದ್ದು ಅದೇ ಮೊದಲು. ಸೋಫಾದ ತುದಿಯಲ್ಲೇ, ಯಾವ ಗಳಿಗೆಯಲ್ಲಾದರೂ ಏಳಲು ಸಿದ್ಧಳಾದವಳಂತೆ ಕೂತಳು.

"ಇವರು ನಿಮಗೆ ಏನಾಗಬೇಕಮ್ಮ?" ಸಿಂಚನ ಪೆನ್ನು ಹಿಡಿದು ಕೇಳಿದಳು.

ಇಂದ್ರಮ್ಮ ತಮ್ಮನ ಮುಖ ನೋಡಿದಳು. "ಏನಂತ ಏಳ್ಲಿ ಯೋಗಿ?"

ಅಪ್ಪಣೆ ಕೇಳುತ್ತಿದ್ದಾಳೆ! ಎತ್ತಿ ಆಡಿಸಿದವನನ್ನು ತಮ್ಮ ಎನ್ನಲು ಅಪ್ಪಣೆ…! ಹಾಗೆ ಕೇಳುವಂತೆ ಮಾಡಿದವನು ತಾನು. ನಾಚಿಕೆಯಿಂದ ಯೋಗೇಂದ್ರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇರೋದನ್ನೇ ಹೇಳಕ್ಕ…"

"ನನ್ ತಮ್ಮ ಕಣವ್ವ," ಎಂದಳು ಇಂದ್ರಮ್ಮ. "ಕೈಯಾರೆ ಸಾಕಿದ್ ತಮ್ಮ…"

ಯೋಗೇಂದ್ರ ಕಣ್ಣೊರೆಸಿಕೊಳ್ಳುತ್ತಾ ಕಾಫಿಗೆ ಹಾಲು ಕಾಯಿಸುವ ನೆಪದಲ್ಲಿ ಒಳಗೆ ಹೋದ. ಒಲೆ ಹಚ್ಚಿ ನಿಂತವನಿಗೆ ಅಕ್ಕನ ಪಿಸುಮಾತು ಕೇಳಿಸಿತು.

"ಬರ್ಕೊಂಡ್ಯಾ? ಬರ್ಕೊ ಮಗ. ಆದ್ರೆ ಕಾಲೇಜಲ್ಲಿ ಯಾರ್ಗೂ ಏಳ್ಬ್ಯಾಡ. ಮೇಷ್ಟ್ರು ಅವ್ನು… ನಾಚ್ಕೆ ಪಟ್ಕೋತಾನೆ."

ಯೋಗೇಂದ್ರ ಕಟ್ಟೆಗೆ ಎರಡೂ ಕೈ ಊರಿ, ಬಾಯಿ ಬಿಗಿಹಿಡಿದು ಅತ್ತ. ಎದುರಿಗೆ ಪಾತ್ರೆಯಲ್ಲಿ ಹಾಲು ಏರುತ್ತಿದ್ದುದು ಕಾಣುತ್ತಿತ್ತು, ಆರಿಸಲು ಕೈ ಮಾತ್ರ ಏಳಲಿಲ್ಲ. ಸೀದ ವಾಸನೆ ನಡುಮನೆಯವರೆಗೂ ಹೋಗಿರಬೇಕು.

"ಯೋಗೀ, ಆಲು!" ಎಂದು ಕೂಗಿದ ಇಂದ್ರಮ್ಮ, ಹುಡುಗಿ ಎದುರಿಗಿದ್ದಾಳೆಂದು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಒಳಗಿನಿಂದ, ಇಪ್ಪತ್ತೆರಡು ವರ್ಷ ಪಾಠ ಹೇಳಿದ ಅದೇ ದೊಡ್ಡ ಗಂಟಲಿನಲ್ಲಿ, ಹುಡುಗಿಗೂ ಪಕ್ಕದ ಮನೆಗೂ ಕೇಳುವಂತೆ ಯೋಗೇಂದ್ರ ಕೂಗಿ ಹೇಳಿದ:

"ಆಲು ಉಕ್ಬುಡ್ತು ಕಣಕ್ಕಾ!"