ಮೆರುಗಯ್ಯನ ಎಣ್ಣೆ, ಬಾಗಿಲ ಮನೆಯ ಸಾರೋಟು

ದಾರಿಗಳೆಲ್ಲ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಕಪ್ಪು ಗುಡ್ಡಗಳ ಆಚೆ, ತೇಜಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದ ಸಾರೋಟುಗಳಿಗೆ ಕುದುರೆಯೂ ಇರಲಿಲ್ಲ, ಎತ್ತೂ ಇರಲಿಲ್ಲ. ಸಾರೋಟು ಮುಗಿದ ದಿನ ಅದನ್ನು ಕಟ್ಟಿದವನು ಚಕ್ರದ ಅಚ್ಚಿನ ಟೊಳ್ಳಿನೊಳಗೆ ತನ್ನ ಒಂದು ಉಸಿರು ಊದಿ ಮೇಣ ಮೆತ್ತುತ್ತಿದ್ದ. ಅವನು ಬದುಕಿರುವಷ್ಟು ಕಾಲ ಸಾರೋಟು ಓಡುತ್ತಿತ್ತು.

ಇಂಥ ಸಾರೋಟು ಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ. ಮಂತ್ರಿಗಳು ಕೊಳ್ಳುತ್ತಿದ್ದರು, ಮುತ್ತಿನ ವ್ಯಾಪಾರಿಗಳು ಕೊಳ್ಳುತ್ತಿದ್ದರು. ತಾನು ದೊಡ್ಡವನೆಂದು ಬಾಯಿಬಿಟ್ಟು ಹೇಳಿಕೊಳ್ಳಲು ಯಾರಿಗಾದರೂ ನಾಚಿಕೆಯೇ ತಾನೇ, ಆ ಕೆಲಸವನ್ನು ಸಾರೋಟು ಮಾಡುತ್ತಿತ್ತು. ಒಬ್ಬ ವ್ಯಾಪಾರಿಯಂತೂ ಹೊಸ ಸಾರೋಟನ್ನು ಖಾಲಿಯಾಗಿ ಮುಂದೆ ಬಿಟ್ಟು, ತಾನು ಒಳಗಿದ್ದಿದ್ದರೆ ಹೇಗೆ ಕಾಣುತ್ತಿದ್ದೆ ಎಂದು ನೋಡುತ್ತ ಬಿಸಿಲಲ್ಲಿ ಹಿಂದೆ ಹಿಂದೆ ನಡೆದು ಹೋದನಂತೆ.

ಸಾರೋಟು ಕಟ್ಟುವವರೆಲ್ಲ ರಾಜಧಾನಿಯ ಅಚ್ಚುಗಾರರ ಬೀದಿಯಲ್ಲಿದ್ದರು. ಗುಡುಗಿನ ಮನೆಯವರ ಸಾರೋಟು ಗುರುಗುಟ್ಟುತ್ತಿತ್ತು, ಹರೆಯದ ಪಾಳೆಯಗಾರರು ಅದಕ್ಕೇ ಮುಗಿಬೀಳುತ್ತಿದ್ದರು. ಹತ್ತಿ ಮನೆಯವರದು ಎಷ್ಟು ಮೆತ್ತಗೆಂದರೆ ಒಳಗೆ ಕೂತವರಿಗೆ ತಮ್ಮ ಹೊಟ್ಟೆಯ ಗುಡುಗುಡು ಕೇಳುತ್ತಿತ್ತು. ಕೊಕ್ಕರೆ ಮನೆಯವರದಕ್ಕೆ ಉದ್ದ ಮೂತಿ. ಅದು ಎಂದೂ ಅವಸರ ಮಾಡುತ್ತಿರಲಿಲ್ಲ, ನೋಡುವವರು ಚೆನ್ನಾಗಿ ನೋಡಲಿ ಅಂತ.

ಬೀದಿಯ ಕೊನೆಗೆ ಬಾಗಿಲ ಮನೆ. ಅಲ್ಲಿ ಕಾಳಾಚಾರಿ ಮತ್ತು ಅವನ ಒಬ್ಬಳೇ ಮಗಳು ಹೊನ್ನಾಜಿ. ಅವರ ಸಾರೋಟು ಚಿಕ್ಕದು, ಓಟವೂ ಅಷ್ಟಕ್ಕಷ್ಟೆ. ಆದರೆ ಅದರ ಬಾಗಿಲು ಮುಚ್ಚಿದರೆ ಜಗತ್ತಿನ ಗಲಾಟೆಯೆಲ್ಲ ಆಚೆಗೇ ಉಳಿಯುತ್ತಿತ್ತು. ದೊಡ್ಡ ದುಃಖ ಇದ್ದವರು, ದಿನವೆಲ್ಲ ಜನರ ಮಧ್ಯೆ ನಕ್ಕು ಸುಸ್ತಾದವರು ಆ ಬಾಗಿಲಿಗಾಗಿಯೇ ಬರುತ್ತಿದ್ದರು.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಯುಗಾದಿಯ ಮರುದಿನ ರಾಣಿ ಮುತ್ತಾಂಬೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪ್ರತಿ ಮನೆಯ ಹೊಸ ಸಾರೋಟಿನಲ್ಲೂ ಒಂದು ಸುತ್ತು ಹೋಗಿ, ಇದು ಇಂಥವರ ಮನೆಯದು ಎಂದು ಹೇಳಬೇಕು. ಹೇಳಲಾಗದಿದ್ದರೆ ಆ ಮನೆ ಬೀದಿ ಬಿಡಬೇಕು. ರಾಣಿ ಎಂದೂ ತಪ್ಪಿರಲಿಲ್ಲ.

ಒಂದು ವರ್ಷ ಬೀದಿಗೆ ಮೆರುಗಯ್ಯ ಎಂಬ ಮಾಂತ್ರಿಕ ಬಂದ. ಅವನ ಮುಖ ತೊಳೆದಿಟ್ಟ ತಟ್ಟೆಯಂತೆ ನುಣ್ಣಗಿತ್ತು. ಕೈಯಲ್ಲಿ ಒಂದು ಗಿಂಡಿ, ಗಿಂಡಿಯಲ್ಲಿ ಎಣ್ಣೆ.

ಅವನು ಗುಡುಗಿನ ಮನೆಗೆ ಹೋಗಿ, "ನಿಮ್ಮ ಗಾಡಿ ಗುರ್ ಅಂದ್ರೆ ಮುದುಕರು ಹೆದರ್ತಾರೆ. ಅವರೆಲ್ಲ ಹತ್ತಿ ಮನೆಗೆ ಹೋಗ್ತಿದ್ದಾರೆ, ಗೊತ್ತಾ?" ಎಂದ. ಹತ್ತಿ ಮನೆಗೆ ಹೋಗಿ, "ನಿಮ್ಮದು ಸಪ್ಪೆ ಅಂತ ಹುಡುಗರು ಗುಡುಗಿನ ಮನೆಗೆ ಹೋಗ್ತಿದ್ದಾರಲ್ಲ" ಎಂದ. ಕೊಕ್ಕರೆ ಮನೆಯಲ್ಲೂ ಹೀಗೇ ಕಿವಿ ಕಚ್ಚಿದ. "ಈ ಎಣ್ಣೆ ಬಳೀರಿ. ಯಾರಿಗೂ ಬೇಡ ಅನ್ನಿಸದಂಥ ಗಾಡಿ ಆಗುತ್ತೆ." ಬರುವ ಗಿರಾಕಿಗಿಂತ ಪಕ್ಕದ ಮನೆಗೆ ಹೋಗುವ ಗಿರಾಕಿಯ ಚಿಂತೆಯೇ ಹೆಚ್ಚಾಗಿದ್ದ ಬೀದಿ ಅದು. ಎಲ್ಲರೂ ಬಳಿದರು.

ಕಾಳಾಚಾರಿ ಮಾತ್ರ ಬಹಳ ದಿನ ತಡೆದ. ಕೊನೆಗೆ ಅವನಿಗೂ ಭಯವಾಯಿತು. "ಎಲ್ಲರೂ ಬಳಿದಿದ್ದಾರೆ ಕಣಮ್ಮ. ನಾವೊಬ್ಬರೇ ಬಿಟ್ಟರೆ ನಾಳೆ ನಿನ್ನ ಗತಿ ಏನು?" ಎಂದ.

"ನನ್ನ ಹೆಸರು ಹೇಳಿ ಬಳೀಬೇಡ ಅಪ್ಪ" ಎಂದು ಹೊನ್ನಾಜಿ ಮುನಿಸಿಕೊಂಡು ಹಿತ್ತಲಿಗೆ ಹೋದಳು.

ಅವಳು ಮುನಿಸು ಇಳಿದು ಒಳಗೆ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಎಣ್ಣೆ ಸಾರೋಟಿಗೆ ಹತ್ತಿ, ಬಳಿದ ಕೈಗೂ ಹತ್ತಿ, ತೋಳೇರಿ ಮುಖಕ್ಕೂ ಹತ್ತಿತ್ತು. ಹಣೆಯ ಗೆರೆಗಳು, ಮೂಗಿನ ಮೇಲಿನ ಮಚ್ಚೆ, ಎಲ್ಲ ಮಾಯ. ಕಾಳಾಚಾರಿ ಮಗಳನ್ನು ಯಾರೋ ಗಿರಾಕಿಯನ್ನು ನೋಡಿದಂತೆ ನೋಡಿ ಕೈ ಮುಗಿದ. ಬೀದಿಯಲ್ಲಿ ಅದೇ ಮುಖದವರು ಸಾಲಾಗಿ ನಿಂತಿದ್ದರು. ಮೆರುಗಯ್ಯ ಮುಂದೆ ನಡೆದ, ಅವರೆಲ್ಲ ತಮ್ಮ ಸಾರೋಟುಗಳೊಂದಿಗೆ ಹಿಂದೆ ನಡೆದರು. ಹೊನ್ನಾಜಿ ಅಪ್ಪ ಅಪ್ಪ ಎಂದು ಕೂಗಿದಳು. ಯಾವ ತಲೆಯೂ ತಿರುಗಲಿಲ್ಲ.

ಯುಗಾದಿ ಬಂತು. ಮೆರುಗಯ್ಯ ಕಳಿಸಿದ ಸಾರೋಟುಗಳಲ್ಲಿ ರಾಣಿ ಕೂತು ಇಳಿದಳು, ಕೂತು ಇಳಿದಳು. "ಇದು ಯಾರ ಮನೆಯದೂ ಅಲ್ಲ" ಎಂದಳು ಪ್ರತಿ ಸಲವೂ. ಪದ್ಧತಿಯಂತೆ ಬೀದಿಯ ಮನೆಗಳಿಗೆಲ್ಲ ಬೀಗ ಬಿತ್ತು. ಹೊನ್ನಾಜಿಯ ಹತ್ತಿರ ಮೆರುಗು ಹತ್ತದ ಒಂದು ಹಳೆಯ ಸಾರೋಟಿತ್ತು. ಅದು ಇನ್ನೂ ಓಡುತ್ತಿತ್ತು. ಹಾಗಾದರೆ ಅಪ್ಪ ಬದುಕಿದ್ದಾನೆ. ಅವಳು ಬುತ್ತಿ ಕಟ್ಟಿಕೊಂಡಳು, ಮರ ನಯ ಮಾಡುವ ಅಪ್ಪನ ಕೀಸುಳಿಯನ್ನು ಮಡಿಲಲ್ಲಿಟ್ಟುಕೊಂಡು ಆ ಸಾರೋಟಿನಲ್ಲೇ ಹೊರಟಳು.

ದಾರಿಯುದ್ದಕ್ಕೂ ಸಿಕ್ಕಿದ್ದು ಒಂದೇ ಥರದ ಸಾರೋಟುಗಳು, ಒಳಗೆ ಒಂದೇ ಥರ ನಗುವ ಜನ. ಅವಳು ದಾರಿ ಕೇಳಿದರೆ ಕೈ ಮುಗಿದು ಮುಂದೆ ಹೋಗುತ್ತಿದ್ದರು. ಬೈದಾದರೂ ಹೋಗಬಾರದೇ ಅನ್ನಿಸಿತು ಹುಡುಗಿಗೆ. ಊರೂರು ದಾಟಿದರೂ ಅವಳ ಜೊತೆ ಒಂದು ಮಾತು ಪೂರ್ತಿ ಆಡಿದವರಿಲ್ಲ.

ಕೊನೆಗೆ ಕಪ್ಪು ಗುಡ್ಡದ ಮೇಲೆ ಮೆರುಗಯ್ಯನ ಗಾಜಿನ ಕೋಟೆ ಕಂಡಿತು. ಬಾಗಿಲಲ್ಲಿ ಗಾಜಿನ ಹುಲಿ. ಅದು ಒಳಗೆ ಹೋಗುವವರನ್ನು ತಡೆಯುತ್ತಿರಲಿಲ್ಲ, ಹೊರಗೆ ಹೋಗುವವರನ್ನು ಬಿಡುತ್ತಿರಲಿಲ್ಲ. ಒಳಗೆ ಉದ್ದನೆಯ ಅಂಗಳ. ಸಾಲು ಸಾಲು ಸಾರೋಟು, ಒಂದೊಂದಕ್ಕೆ ಒಬ್ಬೊಬ್ಬ ನುಣ್ಣನೆ ಮುಖದವನು, ಎಲ್ಲರೂ ಎಣ್ಣೆ ಉಜ್ಜುತ್ತಿದ್ದರು.

"ಅಪ್ಪನ್ನ ಕರ್ಕೊಂಡು ಹೋಗೋಕೆ ಬಂದಿದೀನಿ" ಎಂದಳು ಹೊನ್ನಾಜಿ.

"ಕರ್ಕೊಂಡು ಹೋಗು, ಯಾರು ಬೇಡ ಅಂದ್ರು?" ಎಂದ ಮೆರುಗಯ್ಯ. "ಯಾರು ಅಂತ ತೋರಿಸು ಅಷ್ಟೆ. ಮೂರು ಸಲ ಅವಕಾಶ. ಒಂದು ಸಲ ತಪ್ಪಿದರೆ ನಿನ್ನ ನೆರಳು ನನಗೆ. ಎರಡನೇ ಸಲ ತಪ್ಪಿದರೆ ನಿನ್ನ ಹೆಸರು. ಮೂರನೇದು ತಪ್ಪಿದರೆ ನೀನೂ ಒಂದು ಗಾಡಿ ಉಜ್ಜುತ್ತಾ ಕೂತ್ಕೊ."

ಮೊದಲ ಸಲ ಅವಳು ನೋಡಿ ಗುರುತು ಹಿಡಿಯಲು ಹೋದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಬ್ಬೊಬ್ಬನ ಮುಖ, ಕೈ, ನಿಲುವು ನೋಡಿದಳು. ಒಬ್ಬನು ಸ್ವಲ್ಪ ಬಾಗಿ ನಿಂತಂತೆ ಕಂಡಿತು. "ಇವರೇ" ಎಂದಳು. ಅಲ್ಲ. ಮೆರುಗಯ್ಯ ಬಗ್ಗಿ ಅವಳ ನೆರಳನ್ನು ಚಾಪೆಯಂತೆ ಸುತ್ತಿಕೊಂಡ. ಬಿಸಿಲಲ್ಲಿ ಜೊತೆಗಿದ್ದ ಅದೊಂದೂ ಹೋಯಿತು.

ಎರಡನೇ ಸಲ ಅವಳು ಮಾತಾಡಿಸಿ ನೋಡಿದಳು. ಒಬ್ಬೊಬ್ಬನ ಹತ್ತಿರವೂ ಹೋಗಿ, "ನಾನು ಯಾರು ಗೊತ್ತಾ?" ಎಂದು ಕೇಳಿದಳು.

"ತಮ್ಮ ಸಂತೋಷವೇ ನಮ್ಮ ಸಂತೋಷ" ಎಂದ ಮೊದಲನೆಯವನು.

"ತಮ್ಮ ಸಂತೋಷವೇ ನಮ್ಮ ಸಂತೋಷ" ಎಂದ ಎರಡನೆಯವನು.

"ನನಗೆ ಸಂತೋಷ ಇಲ್ಲ, ನಾನು ಒಂಟಿ" ಎಂದರೂ ಅದೇ ಉತ್ತರ. ಒಬ್ಬನ ದನಿ ಒಂದು ಗಳಿಗೆ ತಡವರಿಸಿದಂತೆ ಕೇಳಿ ಅವನನ್ನೇ ತೋರಿಸಿದಳು. ಅಲ್ಲ. ಮೆರುಗಯ್ಯ ಕೈ ಚಾಚಿ ಅವಳ ಹೆಸರನ್ನು ಕಿತ್ತುಕೊಂಡ. ಆ ಕ್ಷಣದಿಂದ ತೇಜಾವತಿಯಲ್ಲಿ ಅವಳನ್ನು ಬಲ್ಲವರು ಯಾರೂ ಉಳಿಯಲಿಲ್ಲ. ಅವಳಿಗೇ ತನ್ನನ್ನು ಏನೆಂದು ಕರೆದುಕೊಳ್ಳಬೇಕೋ ತಿಳಿಯಲಿಲ್ಲ. ಹೋಗಲಿ, ನಾವಂತೂ ಹೊನ್ನಾಜಿ ಎಂದೇ ಕರೆಯೋಣ, ಪಾಪ.

"ಇನ್ನೊಂದೇ" ಎಂದ ಮೆರುಗಯ್ಯ. "ಅವಸರ ಇಲ್ಲ, ನಿಧಾನವಾಗಿ ಯೋಚನೆ ಮಾಡು."

ಹೊನ್ನಾಜಿಗೆ ಯೋಚಿಸಲು ಏನೂ ಉಳಿದಿರಲಿಲ್ಲ. ಅವಳು ಹೋಗಿ ತಾನು ಬಂದ ಹಳೆಯ ಸಾರೋಟಿನ ಪಕ್ಕ ಕೂತಳು. ದಾರಿಯ ಕುಲುಕಾಟಕ್ಕೆ ಅದರ ಬಾಗಿಲಿನ ಒಂದು ಪಟ್ಟಿ ಒಡೆದಿತ್ತು. ಕೂತು ಅಳುವುದಕ್ಕಿಂತ ಅದನ್ನಾದರೂ ಸರಿಮಾಡೋಣ ಎಂದು ಒಂದು ಹಲಗೆ ತುಂಡು ಹುಡುಕಿ, ಮೊಣಕಾಲಿನ ಮೇಲಿಟ್ಟುಕೊಂಡು ಕೀಸತೊಡಗಿದಳು. ಆದರೆ ಅಳು ನಿಲ್ಲಲಿಲ್ಲ. ಕಣ್ಣು ಮಂಜಾಗಿ ಹಲಗೆ ತಿರುಗುಮುರುಗಾದದ್ದು ಅವಳಿಗೆ ಕಾಣಲಿಲ್ಲ. ಮರದ ಎಳೆಗೆ ಎದುರಾಗಿಯೇ ಕೀಸುತ್ತ ಹೋದಳು. ಮರ ಪರಪರ ಎಂದು ಸಿಬಿರೆದ್ದಿತು.

ಉಜ್ಜುತ್ತಿದ್ದ ಕೈಗಳಲ್ಲಿ ಕೆಲವು ನಿಂತವು.

ಅವಳು ಇನ್ನೂ ಒಂದು ಸಲ ಕೀಸುಳಿ ಎಳೆದಳು. ಪರ್ ಎಂದಿತು. ಸಾಲಿನ ಆ ತುದಿಯಿಂದ ಒಬ್ಬ ನುಣ್ಣನೆ ಮುಖದವನು ಎಣ್ಣೆ ಬಟ್ಟೆ ಕೆಳಗೆ ಹಾಕಿ ದಡದಡ ಬಂದ. ಬಂದು ಅವಳ ಮುಂದೆ ನಿಂತ. ಅವನ ಬಾಯಿ, ತಮ್ಮ ಸಂತೋಷವೇ, ಎಂದು ಶುರುಮಾಡಿ ಅಲ್ಲೇ ನಿಂತಿತು.

"ಏನೇ ಇದು?" ಎಂದ ಅವನು. "ಮರಾನಾ ಕೀಸ್ತಿದೀಯೋ, ಹಲಸಿನ ಹಣ್ಣಿನ ಸಿಪ್ಪೆ ಹೆರೀತಿದೀಯೋ? ಹಿಂಗೆ ಹಿಡಿಯೋಕೆ ಯಾರು ಕಲಿಸಿದ್ದು ನಿನಗೆ?"

ಹೊನ್ನಾಜಿ ತಲೆಯೆತ್ತಿದಳು. "ನೀನೇ ಅಲ್ವಾ ಅಪ್ಪ" ಎಂದಳು.

"ನಾನು ಹಿಂಗೆ ಕಲಿಸಿದ್ನಾ? ಕೊಡು ಇಲ್ಲಿ" ಎಂದು ಅವನು ಕೀಸುಳಿ ಕಿತ್ತುಕೊಂಡ. ಸಿಟ್ಟಿಗೆ ಅವನ ಹಣೆ ಗಂಟಿಕ್ಕಿತು. ಗಂಟಿಕ್ಕಿದ ಕಡೆ ಮೆರುಗು ಬಿರಿಯಿತು. ಬಿರುಕಿನೊಳಗಿಂದ ಹಳೆಯ ಗೆರೆಗಳು ಕಂಡವು, ಮೂಗಿನ ಮೇಲಿನ ಮಚ್ಚೆ ಕಂಡಿತು. ಹೊನ್ನಾಜಿ ಮೆರುಗಯ್ಯನ ಕಡೆ ತಿರುಗಿ, "ಇವರು ನಮ್ಮಪ್ಪ" ಎಂದಳು. ಮೂರನೆಯ ಸಲ ಅವಳು ತಪ್ಪಲಿಲ್ಲ.

ಕತೆ ಅಷ್ಟಕ್ಕೇ ನಿಂತಿದ್ದರೆ ಅವರಿಬ್ಬರೇ ಮನೆಗೆ ಹೋಗುತ್ತಿದ್ದರು. ಆದರೆ ಕಾಳಾಚಾರಿ ಹಲಗೆ ತಿರುಗಿಸಿ ನಾಲ್ಕು ಸಲ ಕೀಸುವುದರೊಳಗೆ ಇನ್ನೊಬ್ಬ ಬಂದು ಮೂಗು ತೂರಿಸಿದ. "ಅಷ್ಟು ನಯ ಯಾಕೆ? ಬಾಗಿಲು ಹಾಕಿದರೆ ಧಡ್ ಅನ್ನಬೇಕು, ಬೀದಿಗೆಲ್ಲ ಕೇಳಬೇಕು" ಎಂದ. ಅವನ ಮುಖದ ಮೆರುಗು ಉದುರಿ ಗುಡುಗಿನ ಮನೆಯ ದಪ್ಪ ಮೀಸೆ ಹೊರಬಂತು.

"ಧಡ್ ಅನ್ನೋಕೆ ಅದೇನು ಕೋಟೆ ಬಾಗಿಲಾ? ಹಾಕಿದ್ದೇ ಗೊತ್ತಾಗಬಾರದು" ಎಂದ ಹತ್ತಿ ಮನೆಯವನು.

"ಬಾಗಿಲು ನಿಧಾನಕ್ಕೆ ತೆಗೀಬೇಕಪ್ಪ, ಇಳಿಯೋರ ಕಾಲು ಮೊದಲು ಕಾಣಬೇಕು" ಎಂದ ಕೊಕ್ಕರೆ ಮನೆಯವನು.

ಅಂಗಳದ ತುಂಬ ಜಗಳ ಹತ್ತಿತು. ಒಬ್ಬ ಹೂಂ ಎಂದರೆ ಇನ್ನೊಬ್ಬ ಊಹೂಂ ಎನ್ನುತ್ತಿದ್ದ. ಎಲ್ಲದಕ್ಕೂ ಸೈ ಎನ್ನುವವರ ಮೇಲೆ ಮಾತ್ರ ನಿಲ್ಲುವ ಎಣ್ಣೆ ಅದು, ಇಷ್ಟು ಜನ ಆಗಲ್ಲ ಆಗಲ್ಲ ಎಂದದ್ದೇ ತಡ, ಮುಖಗಳಿಂದ ಉದುರಿತು, ಸಾರೋಟುಗಳಿಂದ ಉದುರಿತು. ಗಾಜಿನ ಗೋಡೆ ಬಿರಿಯಿತು. ಗಾಜಿನ ಹುಲಿ ಯಾರನ್ನು ತಡೆಯಬೇಕೆಂದು ತಿಳಿಯದೆ ಪುಡಿಯಾಯಿತು. ಸುತ್ತಿಟ್ಟ ನೆರಳು ಬಿಚ್ಚಿಕೊಂಡು ಬಂದು ಹೊನ್ನಾಜಿಯ ಕಾಲಿಗೆ ಅಂಟಿತು. "ಹೊನ್ನಾಜಿ, ಆ ಉಳಿ ತಗೊಂಡು ಬಾ" ಎಂದು ಅಪ್ಪ ಕೂಗಿದಾಗ ಅವಳ ಹೆಸರೂ ಅವಳಿಗೆ ಸಿಕ್ಕಿತು.

ಮೆರುಗಯ್ಯನ ಮುಖದಿಂದಲೂ ಮೆರುಗು ಉದುರಿತು. ಒಳಗೆ ಒಬ್ಬ ಸಣಕಲ ಮನುಷ್ಯ, ಸಿಡುಬಿನ ಕಲೆಗಳಿದ್ದವನು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಗುಡುಗಿನ ಮನೆಯವನು ತೋಳೇರಿಸಿ ಬಂದ. ಹೊನ್ನಾಜಿ ಅಡ್ಡ ನಿಂತಳು. ಯಾರೂ ತನ್ನ ಕಡೆ ತಿರುಗಿ ನೋಡದ ದಾರಿಯಲ್ಲಿ ಬಂದವಳು ಅವಳು.

"ಯಾವ ಊರು ನಿಮ್ಮದು?" ಎಂದು ಕೇಳಿದಳು.

ಅವನು ಕೈ ಇಳಿಸಿದ, ಕಣ್ಣಲ್ಲಿ ನೀರು ಹರಿಯುತ್ತಿತ್ತು. "ಈ ಮುಖಕ್ಕೆ ಯಾರೂ ಇದನ್ನ ಕೇಳಿರಲಿಲ್ಲ" ಎಂದ. ಅವನ ಮಂತ್ರವೆಲ್ಲ ಆ ಕಣ್ಣೀರಿನೊಂದಿಗೆ ಹರಿದುಹೋಯಿತು. ಮುಂದೆ ಅವನು ಅಚ್ಚುಗಾರರ ಬೀದಿಯಲ್ಲೇ ಅಂಟು ಕಾಯಿಸುವವನಾದ. ಅವನ ಅಂಟಿನ ನಾತ ಎಂಥದೆಂದರೆ, ಮೆರುಗಯ್ಯ ಒಲೆ ಹಚ್ಚಿದ ಎಂದು ಅರಮನೆಯವರೆಗೂ ತಿಳಿಯುತ್ತಿತ್ತು.

ರಾಣಿ ಮುತ್ತಾಂಬೆ ಮತ್ತೆ ಕಣ್ಣು ಕಟ್ಟಿಕೊಂಡು ಸವಾರಿ ಹೋದಳು. ಒಂದರಲ್ಲಿ ನಕ್ಕಳು, ಒಂದರಲ್ಲಿ ತೂಕಡಿಸಿದಳು, ಬಾಗಿಲ ಮನೆಯ ಸಾರೋಟಿನಲ್ಲಿ ತುಸು ಹೊತ್ತು ಅತ್ತು ಹಗುರಾಗಿ ಇಳಿದಳು. ಎಲ್ಲವನ್ನೂ ಸರಿಯಾಗಿ ಹೇಳಿದಳು. ಬೀದಿಯ ಬೀಗಗಳು ತೆರೆದವು. ಗಿರಾಕಿಗಳು ತಮತಮಗೆ ಬೇಕಾದ ಮನೆಗೆ ಹೋದರು, ಬೇಡವಾದ ಮನೆಯನ್ನು ಮನಸಾರೆ ಆಡಿಕೊಂಡರು. ರಾಜ್ಯದಲ್ಲಿ ಎಲ್ಲರೂ ಸುಖವಾಗಿದ್ದರು.

ಹೊನ್ನಾಜಿಯೂ ಸುಖವಾಗಿದ್ದಳು. ಅವಳ ಕೈ ಎಷ್ಟು ಪಳಗಿತೆಂದರೆ ತೇಜಾವತಿಯಲ್ಲಿ ಅವಳಷ್ಟು ನಯವಾಗಿ ಹಲಗೆ ಕೀಸುವವರು ಇನ್ನೊಬ್ಬರಿರಲಿಲ್ಲ. ಆದರೂ ಕೆಲವು ದಿನ, ಅಪ್ಪ ಮೂಲೆಯಲ್ಲಿ ತುಂಬ ಹೊತ್ತು ಮಾತಿಲ್ಲದೆ ಕೂತುಬಿಟ್ಟರೆ, ಅವಳು ಅವನ ಹಣೆಯ ಗೆರೆಗಳನ್ನು ಹುಡುಕುತ್ತಿದ್ದಳು. ಆಗ ಅವಳು ಹಲಗೆಯನ್ನು ಮೆಲ್ಲಗೆ ತಿರುಗುಮುರುಗು ಮಾಡಿ, ಬೇಕೆಂತಲೇ ಒಂದು ಸಲ ಮರದ ಎಳೆಗೆ ಎದುರಾಗಿ ಕೀಸಿ ಕಾಯುತ್ತಿದ್ದಳು.

"ಏನೇ ಅದು?" ಎನ್ನುತ್ತಿದ್ದ ಕಾಳಾಚಾರಿ ಎದ್ದು ಬರುತ್ತ.