ನಿಂತ ಮಗ್ಗದ ಮನೆ

"ಮೊದಲು ಆ ಮಗ್ಗ ನಿಲ್ಲಿಸ್ರೀ!"

ಪ್ರಮೋದಾ ಕೂಗಿದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ದೊಡ್ಡಬಳ್ಳಾಪುರದ ಆ ಮನೆಯಲ್ಲಿ ನಡುಮನೆಗೂ ಮಗ್ಗದ ಕೋಣೆಗೂ ಮಧ್ಯೆ ಒಂದೇ ಗೋಡೆ. ಆ ಕಡೆ ನಾಲ್ಕು ಪವರ್‌ಲೂಮ್ ಬಡಿದುಕೊಳ್ಳುತ್ತಿದ್ದವು. ಈ ಕಡೆ ಮಂಚದ ಮೇಲೆ ಆದಿಲಕ್ಷ್ಮಮ್ಮ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು.

ಮಗ್ಗದ ಕೋಣೆಯ ಬಾಗಿಲಿಗೆ ಒಬ್ಬ ಗಂಡಸು ಬಂದು ನಿಂತ. ತಲೆ ತುಂಬ ನೂಲಿನ ಚೂರು. ನಿದ್ದೆಯಿಲ್ಲದ ಕೆಂಪು ಕಣ್ಣು.

"ನಮ್ಮನೆ ಮಗ್ಗ ನಿಲ್ಲಿಸು ಅನ್ನೋಕೆ ನೀವ್ಯಾರು?"

"ನಿಮ್ಮಮ್ಮನ್ನ ನೋಡ್ಕೊಳ್ಳೋ ನರ್ಸಿಗೆ ಮೇಲಿನವಳು! ಆಸ್ಪತ್ರೆಯಿಂದ ಬಂದು ಎರಡು ದಿನ ಆಗಿಲ್ಲ, ಅವರ ತಲೆ ಹತ್ರ ಈ ಗಲಾಟೇನಾ? ನಿಮಗೆ ಅಮ್ಮ ಬೇಕೋ ಬೇಡ್ವೋ?"

ಬೈತಾನೆ ಅಂದುಕೊಂಡಳು. ಅವನು ಬೈಯಲಿಲ್ಲ. ಒಳಗೆ ಹೋದ. ಒಂದು... ಎರಡು... ನಾಲ್ಕೂ ಮಗ್ಗ ನಿಂತವು. ಆ ಮೌನದಲ್ಲಿ ಪ್ರಮೋದಾಗೆ ತನ್ನ ಎದೆ ಬಡಿತವೇ ಕೇಳಿಸಿತು. ಛೇ!

"ನಿಲ್ಲಿಸಿದೆ ಮೇಡಂ," ಅಂದ ಮೆತ್ತಗೆ. "ಅಮ್ಮ ಬೇಕು."

ಅವನೇ ಭಾನುಪ್ರಕಾಶ್. ಮೂವತ್ತೊಂಬತ್ತು. ಅಪ್ಪ ಹೋದ ಮೇಲೆ ಇಬ್ಬರು ತಂಗಿಯರ ಮದುವೆ ಮಾಡಿ, ತನ್ನದನ್ನು ಮರೆತವನು. ಪ್ರಮೋದಾಗೆ ಮೂವತ್ತಾರು. ಬೇರೆಯವರ ಅಮ್ಮಂದಿರ ಬಿಪಿ ಬರೆಯುತ್ತಲೇ ಅವಳ ವಯಸ್ಸು ಸರಿದುಹೋಗಿತ್ತು.

ಮೇಲಿನವಳು ಅಂದರೆ ಕುರ್ಚಿಯಲ್ಲಿ ಕೂತು ಹುಕುಂ ಮಾಡುವವಳು ಅಂದುಕೊಳ್ಳಬೇಡಿ. ಅವಳ ಕೈಕೆಳಗೆ ರೋಗಿಗಳ ಮನೆಗೇ ಹೋಗುವ ಏಳು ನರ್ಸ್ ಹುಡುಗಿಯರು, ಏಳು ಊರಿನ ಏಳು ಮನೆಗಳಲ್ಲಿ. ಆಸ್ಪತ್ರೆಯಲ್ಲಿ ಕೂಗಿದರೆ ಡಾಕ್ಟರು ಓಡಿ ಬರುತ್ತಾರೆ. ಮನೆಯಲ್ಲಿ ಹುಡುಗಿ ಒಬ್ಬಳೇ. ಅವಳಿಗೆ ದಿಕ್ಕು ತೋಚದಿದ್ದರೆ ಫೋನು ಬರುವುದು ಪ್ರಮೋದಾಗೆ. ಪ್ರತಿ ಸಲ ಫೋನು ಬಂದಾಗಲೂ ಅವಳಿಗೆ ಅದೇ ಯೋಚನೆ. ಯಾರ ಮನೆ? ಏನಾಯಿತು?

ಈ ಮನೆಗೆ ಹರ್ಷಿತಳನ್ನು ಹಾಕಿದ್ದಳು. ಇಪ್ಪತ್ತೆರಡರ ಹುಡುಗಿ. ಕೆಲಸದಲ್ಲಿ ಚೊಕ್ಕ, ಮಾತು ಮಾತ್ರ ಗಂಟಲಲ್ಲೇ.

ಪ್ರಮೋದಾ ದಿನ ಬಿಟ್ಟು ದಿನ ಬಂದು ನೋಡುತ್ತಿದ್ದಳು. ಬಂದಾಗೆಲ್ಲ ಭಾನು ಕಾಫಿ ಹಿಡಿದು ನಿಲ್ಲುತ್ತಿದ್ದ.

"ಡ್ಯೂಟಿಯಲ್ಲಿ ಕುಡಿಯಲ್ಲ."

ಅವನು ಲೋಟಕ್ಕೆ ತಟ್ಟೆ ಮುಚ್ಚಿಡುತ್ತಿದ್ದ. ಅವಳು ಹೊರಟಾಗ ಹೊರಗಿನ ಮೆಟ್ಟಿಲ ಮೇಲೆ ಇಟ್ಟು, "ಈಗ ಡ್ಯೂಟಿ ಮುಗೀತಲ್ಲ," ಅನ್ನುತ್ತಿದ್ದ. ಆರಿದ ಕಾಫಿ. ಆದರೂ ಕುಡಿಯುತ್ತಿದ್ದಳು!

ತನ್ನ ಮಗ್ಗ ನಿಲ್ಲಿಸಿ ಅವನು ಪಕ್ಕದ ಬೀದಿಯ ಗಂಗಣ್ಣನ ಮಗ್ಗದ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದಾನೆ ಅಂತ ಹರ್ಷಿತ ಹೇಳಿದ ದಿನ, ಪ್ರಮೋದಾ ಆ ಕಾಫಿಯನ್ನು ಅರ್ಧಕ್ಕೇ ಇಟ್ಟಳು. ನನ್ನ ಒಂದು ಮಾತಿಗೆ...

ಎರಡನೇ ವಾರ ಆದಿಲಕ್ಷ್ಮಮ್ಮ ಬಾಯಿ ಮುಚ್ಚಿಬಿಟ್ಟರು. ಗಂಜಿ ಬೇಡ, ನೀರೂ ಎರಡು ಗುಟುಕಷ್ಟೇ. ಒಂದು ದಿನ, ಎರಡು ದಿನ, ಮೂರು ದಿನ!

ಡಾಕ್ಟರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು. "ಸಂಜೆಯೊಳಗೆ ಏನೂ ಇಳಿಯದಿದ್ರೆ ಆಸ್ಪತ್ರೆಗೆ ಸೇರಿಸಿ. ಆದ್ರೆ ಮತ್ತೆ ಮನೆಗೆ ಬರ್ತಾರೆ ಅಂತ ನಾನು ಹೇಳಲಾರೆ."

ಅದರ ಬೆನ್ನಿಗೇ ನರ್ಸುಗಳನ್ನು ಕಳಿಸುವ ಕಚೇರಿಯ ಮಾಲೀಕ ಭೀಮರಾಜ್ ಫೋನ್ ಮಾಡಿದ.

"ಆ ಮನೆಯವರು ಕಂಪ್ಲೇಂಟ್ ಕೊಟ್ಟಿದ್ದಾರೆ. ನರ್ಸು ಸರಿ ಇಲ್ವಂತೆ. ಹರ್ಷಿತಾನ ತೆಗೆದುಬಿಡಿ."

"ಯಾರು ಕೊಟ್ಟದ್ದು ಸರ್?"

"ಆ ಮನೆ ಗಂಡಸು. ಇನ್ಯಾರು?"

ಪ್ರಮೋದಾಗೆ ನಂಬಲಾಗಲಿಲ್ಲ. ಅವನಾ? ತಟ್ಟೆ ಮುಚ್ಚಿ ಕಾಫಿ ಇಡುವ ಅವನಾ?

"ಸಂಜೆವರೆಗೆ ಟೈಮ್ ಕೊಡಿ ಸರ್. ಆಮೇಲೂ ತೆಗೀಲೇಬೇಕು ಅಂದ್ರೆ ನನ್ನ ತೆಗೀರಿ. ಆ ಹುಡುಗೀಗೆ ಕೆಲಸ ಹೇಳಿದವಳು ನಾನು."

ಸ್ಕೂಟರ್ ಹತ್ತಿದಳು. ಭಾನು ಬಾಗಿಲಲ್ಲೇ ನಿಂತಿದ್ದ.

"ಬೆನ್ನ ಹಿಂದೆ ದೂರು ಕೊಡ್ತೀರಾ? ನನ್ನ ಮುಖಕ್ಕೆ ಹೇಳೋ ಧೈರ್ಯ ಇರ್ಲಿಲ್ವಾ?"

"ಮೇಡಂ, ನಾನು..."

"ಮಾತಾಡ್ಬೇಡಿ!"

ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಒಳಗೆ ಹರ್ಷಿತ ಗಂಜಿ ಬಟ್ಟಲು ಹಿಡಿದು ಅಳುತ್ತಿದ್ದಳು. "ಅಳ್ಬೇಡ ಕಣೇ. ದಿನಾ ಬರೆಯೋ ಬುಕ್ಕು ಕೊಡು."

ಪ್ರಮೋದಾ ಮೊದಲ ಹಾಳೆಯಿಂದ ಓದಿದಳು. ದಿನವೂ ಅದೇ ಸಾಲು. 'ಎಡಗೈಲಿ ಮಂಚ ತಟ್ಟುತ್ತಾರೆ. ಗೋಡೆ ನೋಡುತ್ತಾರೆ. ಅಳುತ್ತಾರೆ.' ಪಕ್ಕದಲ್ಲಿ ಪ್ರಮೋದಾಳದೇ ಅಕ್ಷರ: 'ಚಡಪಡಿಕೆ.' ಕೆಳಗೆ ಸಹಿ.

"ಇದನ್ನ ನನಗೆ ಬಿಡಿಸಿ ಹೇಳಬಾರದಿತ್ತಾ?"

"ಹೇಳಿದ್ದೆ ಮೇಡಂ... ಇಂಥವರಿಗೆ ಅದೆಲ್ಲ ಇದ್ದದ್ದೇ ಅಂದ್ಬಿಟ್ರಿ."

ಕೆನ್ನೆಗೆ ಹೊಡೆದಂತಾಯಿತು. ಹೌದು, ಅಂದಿದ್ದಳು.

ಮಂಚದ ಪಕ್ಕ ಕೂತು ಆದಿಲಕ್ಷ್ಮಮ್ಮನ ಎಡಗೈ ಕೆಳಗೆ ತನ್ನ ಅಂಗೈ ಇಟ್ಟಳು. ಬೆರಳು ತಟ್ಟಿತು. ಟಕಟಕ... ಟಕಟಕ... ಈ ಲಯ ಎಲ್ಲೋ ಕೇಳಿದ್ದೇನೆ...

ಮಗ್ಗ!

"ಭಾನುಪ್ರಕಾಶ್! ನಿಮ್ಮ ಬೀದೀಲಿ ಮಗ್ಗ ಯಾವಾಗ ನಿಲ್ಲಿಸ್ತಾರೆ?"

"ಹಬ್ಬಕ್ಕೆ... ಕರೆಂಟ್ ಹೋದ್ರೆ... ಎಲ್ಲಾನೂ ದಿನಗಟ್ಟಲೆ ನಿಲ್ಲಿಸೋದು ಅಂದ್ರೆ..." ಅವನ ಮುಖ ಬಿಳಚಿತು. "ಸಾವಾದ್ರೆ ಮೇಡಂ. ಅಪ್ಪ ಕೊನೆ ಉಸಿರು ಎಳೀತಿದ್ದಾಗ ಅಮ್ಮಾನೇ ಬಂದು, ನಿಲ್ಲಿಸಿಬಿಡೋ ಅಂದಿದ್ಲು."

ಮೂವರೂ ಮಂಚದ ಕಡೆ ನೋಡಿದರು. ಆ ತಾಯಿ ಎರಡು ವಾರದಿಂದ ತನ್ನ ಸಾವಿಗೆ ಕಾಯುತ್ತ ಮಲಗಿದ್ದಳು! ಹೋಗುವವಳಿಗೆ ಗಂಜಿ ಯಾತಕ್ಕೆ?

"ಅಮ್ಮಾ, ನಿಮಗೇನೂ ಆಗಿಲ್ಲ. ಮಗ್ಗ ನಿಲ್ಲಿಸಿದ್ದು ನಾನು. ತಪ್ಪು ನಂದು." ಆದಿಲಕ್ಷ್ಮಮ್ಮ ನಂಬಲಿಲ್ಲ. ಕಣ್ಣು ಗೋಡೆ ಬಿಟ್ಟು ಬರಲಿಲ್ಲ.

"ಗೋಡೆಯಿಂದ ದೂರ ಇರೋ ಆ ಕೊನೇ ಮಗ್ಗ ಒಂದನ್ನ ಓಡಿಸಿ. ಬೇಗ!"

ಭಾನು ಓಡಿದ. ಸ್ವಿಚ್ಚಿನ ಸದ್ದು. ಮತ್ತೆ ಸ್ವಿಚ್ಚಿನ ಸದ್ದು.

"ಕರೆಂಟ್ ಇಲ್ಲ ಮೇಡಂ!"

ಆಗ ಮೂರೂವರೆ. ನಾಲ್ಕಾಯಿತು. ನಾಲ್ಕೂವರೆ. ಹರ್ಷಿತ ಎರಡು ಸಲ ಗಂಜಿ ಬಿಸಿ ಮಾಡಿದಳು. ಪ್ರಮೋದಾ ನಾಡಿ ಹಿಡಿದೇ ಕೂತಿದ್ದಳು. ಐದು ಗಂಟೆಗೆ ಆಂಬುಲೆನ್ಸ್ ಕರೆಯಲೇಬೇಕು. ದೇವರೇ, ಒಂದು ಸಲ ಕರೆಂಟ್ ಕೊಡು...

"ಮೇಡಂ," ಹರ್ಷಿತ ಪಿಸುಗುಟ್ಟಿದಳು. "ದೂರು ಕೊಟ್ಟದ್ದು ಇವರಲ್ಲ. ಇವರ ಸೋದರಮಾವ ಕೋದಂಡರಾಮಯ್ಯ. ಇವರು ನನ್ನ ಪರವಾಗಿ ಮಾವನ ಹತ್ರ ಜಗಳಾನೇ ಆಡಿದ್ರು."

ಪ್ರಮೋದಾ ತಲೆ ಎತ್ತಲಿಲ್ಲ. ಎತ್ತುವ ಮುಖ ಎಲ್ಲಿತ್ತು?

ಐದಕ್ಕೆ ಏಳು ನಿಮಿಷ ಬಾಕಿ. ಅವಳು ಫೋನ್ ಕೈಗೆ ತೆಗೆದುಕೊಂಡಳು.

ತಲೆ ಮೇಲಿನ ಫ್ಯಾನ್ ತಿರುಗಿತು!

ಗೋಡೆಯ ಆ ಕಡೆ ಲಾಳಿ ಓಡಿತು. ಟಕಟಕ... ಟಕಟಕ...

ಆದಿಲಕ್ಷ್ಮಮ್ಮನ ಬೆರಳು ನಿಂತಿತು. ಕಣ್ಣು ಅಗಲವಾಯಿತು. ಮಗ್ಗದ ಬಾಗಿಲಲ್ಲಿ ಮಗ ನಿಂತಿದ್ದ, ತಲೆ ತುಂಬ ನೂಲಿನ ಚೂರು. ಅವನನ್ನು ನೋಡುತ್ತ ನೋಡುತ್ತ ಆ ಒಣ ತುಟಿ ಬಿಚ್ಚಿಕೊಂಡಿತು.

ಪ್ರಮೋದಾ ಚಮಚ ಮುಟ್ಟಲಿಲ್ಲ. "ನೀನೇ ಕೊಡು ಹರ್ಷಿತ. ಮೊದಲು ಕಂಡವಳು ನೀನು."

ಒಂದು ಚಮಚ. ನಿಧಾನಕ್ಕೆ ಇನ್ನೊಂದು. ಅರ್ಧ ಬಟ್ಟಲು ಇಳಿಯಿತು. ಹರ್ಷಿತ ನಗುತ್ತಲೇ ಅಳುತ್ತಿದ್ದಳು.

ಪ್ರಮೋದಾ ಬುಕ್ಕಿನಲ್ಲಿ ಬರೆದಳು: 'ಮಗ್ಗ ನಿಲ್ಲಿಸಲು ಹೇಳಿದ್ದು ನನ್ನ ತಪ್ಪು. ಹರ್ಷಿತ ಮೊದಲ ದಿನವೇ ಗುರುತಿಸಿದ್ದಳು. ನಾನು ಕೇಳಲಿಲ್ಲ.' ಸಹಿ ಮಾಡಿ, ಫೋಟೋ ತೆಗೆದು ಡಾಕ್ಟರಿಗೂ ಭೀಮರಾಜನಿಗೂ ಕಳಿಸಿದಳು.

ಹೊರಗೆ ಮೆಟ್ಟಿಲ ಮೇಲೆ ತಟ್ಟೆ ಮುಚ್ಚಿದ ಲೋಟ ಕಾಯುತ್ತಿತ್ತು.

"ನಾನಲ್ಲ ಅಂತ ಹೇಳ್ಬಾರ್ದಿತ್ತಾ?"

"ಮಾತಾಡ್ಬೇಡಿ ಅಂದ್ರಲ್ಲ," ಅಂದ ಭಾನು.

"ಮಗ್ಗ ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀರಾ. ಸುಮ್ಮನಿರಿ ಅಂದ್ರೆ ಸುಮ್ಮನಿರ್ತೀರಾ. ನಿಮಗೆ ಸ್ವಂತ ಬುದ್ಧಿ ಇಲ್ವಾ?"

"ಇದೆ ಮೇಡಂ. ನೀವು ಬಂದಾಗ ಮಾತ್ರ ಕೈ ಕೊಡುತ್ತೆ."

ಅವಳ ಕಣ್ಣು ತುಂಬಿತು. "ನಿಮ್ಮಮ್ಮ ನನ್ನ ಪೇಷೆಂಟು. ಡ್ಯೂಟಿಗೆ ಬಂದ ಮನೇಲಿ ಇಂಥ ಮಾತು ಕೇಳ್ಕೊಂಡು ನಿಲ್ಲಬಾರದು ನಾನು."

ಅವನು ತಲೆ ತಗ್ಗಿಸಿದ.

"ಅದಕ್ಕೇ... ನಾಳೆಯಿಂದ ಈ ಮನೆ ಪೂರ್ತಿ ಹರ್ಷಿತಳ ಜವಾಬ್ದಾರಿ. ಮೇಲ್ವಿಚಾರಣೆಗೆ ನೆಲಮಂಗಲದ ಪವಿತ್ರ ಮೇಡಂ ಬರ್ತಾರೆ."

"ಅಂದ್ರೆ... ಇನ್ನು ನೀವು ಬರಲ್ವಾ?"

"ಡ್ಯೂಟಿಗೆ ಬರಲ್ಲ." ಪ್ರಮೋದಾ ತಟ್ಟೆ ತೆಗೆದು ಆ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು. "ಭಾನುವಾರ ಬರ್ತೀನಿ. ಬಿಸಿ ಬಿಸಿ ಕಾಫಿ ಬೇಕು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಇಡೀ ಮುಖ ನಕ್ಕಿತು.

"ನೀವು ಬರೋ ಹೊತ್ತಿಗೆ ಮಗ್ಗ ನಿಲ್ಲಿಸಿರ್ಲಾ?"

"ನಿಲ್ಲಿಸಿ ನೋಡಿ!"